ಸುಭಾನಬಿ, ನೂರಿ ಮತ್ತು ನಮ್ಮ ಹಿತ್ತಲಿನ ಕಣಗಿಲ

ಸುಭಾನಬಿ ನಮ್ಮ ಮನೆಗೆ ಬಂದರೆ ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಗೇಟು ತೆಗೆದವಳೇ ಬುರ್ಖಾದ ಮುಖಪರದೆ ಮೇಲೆತ್ತಿ, ಸೊಂಟ ಬಗ್ಗಿಸಿ, ಅಂಗಳದ ನಾಲ್ಕು ಮೂಲೆಯನ್ನೂ ಸುತ್ತುವಳು. ಹಸಿರು ಏನು ಚಿಗುರಿದ್ದರೂ ಕಿತ್ತು ಮೂಸುವಳು. ಔಡಲದ ಸಸಿ, ಉಮ್ಮತ್ತಿ, ಕಾಲುವೆ ದಂಡೆಯಿಂದ ನುಗ್ಗಿ ಬಂದ ಬೇಶರಮ್ ಗಿಡ, ಯಾವುದು ಸಿಕ್ಕರೂ ಬುಡಸಮೇತ ಎಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುವಳು. ಅಷ್ಟಾದ ಮೇಲೆ ನನ್ನ ಕಡೆ ತಿರುಗಿ, "ಹೆಂಗದೀರಿ ಟೀಚರವ್ವ?" ಅನ್ನುವಳು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಪಾಮನಕಲ್ಲೂರಿನವಳು. ನಿಮ್ಮ ಎರೆ ಹೊಲದಲ್ಲಿ ಜೋಳದ ಸಂಗಡ ಸಿಟ್ಟನ್ನೂ ಬಿತ್ತುತ್ತಾರೆ ಅಂತ ನನ್ನ ಗಂಡ ಸಂಗನಬಸವ ಅನ್ನುವುದುಂಟು. ಮುಂಜಾನೆ ಎದ್ದು ನಾನೇ ಗುಡಿಸಿದ ಅಂಗಳ, ಹೊರಗಿನವಳೊಬ್ಬಳು ಬಂದು ತಪಾಸಣೆ ಮಾಡುವುದೆಂದರೇನು? ನಾನು ಶಾಲೆಯಲ್ಲಿ ಅರವತ್ತು ಮಕ್ಕಳ ತಪಾಸಣೆ ಮಾಡುವವಳು, ನನಗೇ ತಪಾಸಣೆಯೇ? ಒಂದು ದಿನ ತಡೆಯದೆ ಕೇಳಿಬಿಟ್ಟೆ.

"ಏನಬೇ ಸುಭಾನಬಿ, ಇದು ನಮ್ಮ ಅಂಗಳೋ ನಿಮ್ಮ ಅಂಗಳೋ?"

"ಅಂಗಳ ನಿಮ್ಮದೇ ರೀ ಟೀಚರವ್ವ. ಅದರಾಗ ನಿಂತಾಕಿ ನನ್ನಾಕಿ," ಅಂದಳು. ಮಾತು ಮುಗಿಯಿತು ಅನ್ನುವ ಹಾಗೆ ಚೀಲ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು.

ಆ "ನನ್ನಾಕಿ" ಎಂದರೆ ನೂರಿ. ಕಂದು ಬಣ್ಣದ ಹೆಣ್ಣುಕುದುರೆ, ಹಣೆಯ ಮೇಲೆ ಹೆಬ್ಬೆರಳಗಲದ ಬಿಳಿ ಮಚ್ಚೆ. ಸುಭಾನಬಿಯ ಕಥೆ ಹೇಳಬೇಕೆಂದರೆ ನೂರಿಯ ಕಥೆಯನ್ನೇ ಹೇಳಬೇಕು. ಇಷ್ಟು ದಿನ ಇದನ್ನು ಬರೆಯುವ ಹಾಗಿರಲಿಲ್ಲ. ನಮ್ಮ ಅತ್ತೆ ಬಸವಣ್ಣೆಮ್ಮ ಹೋದ ಮಾಘ ಮಾಸದಲ್ಲಿ ತೀರಿಕೊಂಡರು. ಅವರ ಕಿವಿಗೆ ಬೀಳಬಾರದ ಒಂದು ಮಾತು ಇದರಲ್ಲಿದೆ, ಅದಕ್ಕೇ ಕಾದೆ.

ಸುಭಾನಬಿಯ ಊರು ಮುದಗಲ್. ಕೋಟೆಯ ಅಗಸಿ ಬಾಗಿಲ ಹತ್ತಿರ ಒಂದು ಕೋಣೆ, ಅದಕ್ಕೆ ಅಂಟಿಕೊಂಡು ಒಂದು ತಗಡಿನ ಲಾಯ. ಗಂಡ ಮಕ್ತುಮ್‌ಸಾಬ್ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಟಾಂಗಾ ಹೊಡೆಯುತ್ತಿದ್ದವನು. ಆಟೋಗಳು ಬಂದ ಮೇಲೆ ಟಾಂಗಾ ಮಾರಿ ಕುದುರೆ ಉಳಿಸಿಕೊಂಡ. ಮದುಮಗನನ್ನು ಕೂರಿಸಿ ಮೆರವಣಿಗೆ ಮಾಡುವ ಕೆಲಸ ಹಿಡಿದ. ಲಿಂಗಸುಗೂರು, ಮಸ್ಕಿ, ಸಿಂಧನೂರು, ಎಲ್ಲಿ ಬ್ಯಾಂಡು ಬಾರಿಸಿದರೂ ಮುಂದೆ ಮಕ್ತುಮ್‌ಸಾಬನ ಕುದುರೆ. ಅದರ ಮೈಮೇಲಿನ ಮಖಮಲ್ಲಿಗೆ ಕನ್ನಡಿ ಹೊಲಿದವಳು, ಗೊರಸಿಗೆ ಎಣ್ಣೆ ತಿಕ್ಕಿದವಳು, ಕೂದಲು ಹೆಣೆದವಳು ಸುಭಾನಬಿ. ಮೆರವಣಿಗೆಯನ್ನು ಮಾತ್ರ ಅವಳು ಯಾವತ್ತೂ ನೋಡಿದವಳಲ್ಲ.

ಮಕ್ಕಳಾಗಲಿಲ್ಲ. ಅವರ ಹಳೆಯ ಕುದುರೆಯೊಂದು ಮರಿ ಹಾಕಿದ ಮೂರನೆಯ ದಿನಕ್ಕೆ ಸತ್ತಾಗ, ಆ ಮರಿಯನ್ನು ಸುಭಾನಬಿ ಕೋಣೆಯೊಳಗೆ ತಂದುಕೊಂಡಳು. ಆಡಿನ ಹಾಲು, ಕೂಸಿನ ಬಾಟಲಿ. ಕಾಲ ಹತ್ತಿರವೇ ಮಲಗಿಸಿಕೊಂಡಳು. ಅದೇ ನೂರಿ. "ಮಕ್ಕಳಿಲ್ಲದಾಕಿಗೆ ಹುಚ್ಚ ಹಿಡದದ ಅಂತಿತ್ರಿ ಮಂದಿ. ಹಿಡದಿತ್ತು, ಖರೇನ," ಅಂತ ನನಗೆ ಹೇಳುತ್ತ ಬಾಯಿತುಂಬ ನಕ್ಕಿದ್ದಳು.

ಗಿಡಗಳ ವಿಷಯದಲ್ಲಿ ಅವಳು ಹಾಗೆ ಕಣ್ಣು ಕೆಂಪು ಮಾಡುವುದಕ್ಕೆ ಕಾರಣವಿತ್ತು. ನೂರಿಗಿಂತ ಮೊದಲು ಅವರಲ್ಲಿ ಬಾದಶಹಾ ಅಂತ ಗಂಡುಕುದುರೆ ಇತ್ತು. ಲಿಂಗಸುಗೂರಿನ ಕಡೆ ಒಂದು ಮದುವೆಯಲ್ಲಿ ಹಂದರದ ಬಾಗಿಲಿಗೆ ಹೂವಿನ ಸಮೇತ ಕಣಗಿಲದ ಟೊಂಗೆ ಕಟ್ಟಿದ್ದರು. ಹಿಂದಿನ ದಿನವೇ ಕಟ್ಟಿದ್ದು, ಬಿಸಿಲಿಗೆ ಬಾಡಿ ಜೋತುಬಿದ್ದಿತ್ತು. ಮಕ್ತುಮ್‌ಸಾಬ್ ಊಟಕ್ಕೆ ಕೂತು ಏಳುವುದರೊಳಗೆ ಬಾದಶಹಾ ನಾಲ್ಕು ಬಾಯಿ ತಿಂದಿತ್ತು. ಮರುದಿನ ಮಧ್ಯಾಹ್ನ ನಿಂತಲ್ಲೇ ಕುಸಿದು ಸತ್ತಿತು. ಅಂದಿನಿಂದ ಸುಭಾನಬಿಗೆ ಕಣಗಿಲ ಅಂದರೆ ನಾಗರಹಾವು.

ಮಕ್ತುಮ್‌ಸಾಬ್ ಐದಾರು ವರ್ಷದ ಹಿಂದೆ ಎದೆನೋವಿನಿಂದ ಹೋದ. ಲಗಾಮು ಹಿಡಿಯುವವರು ಯಾರು? ತಾನೇ ಹಿಡಿದಳು. ಮಸ್ಕಿಯ ಒಂದು ಮದುವೆಗೆ ಕುದುರೆ ಹಿಡಿದುಕೊಂಡು ಹೋದಳು. ಮದುಮಗನ ಸೋದರತ್ತೆ ಬಂದು, ಗಂಡ ಸತ್ತಾಕಿ ಮುಂದ ನಡಿಯೂದು ಛಲೋ ಅಲ್ಲ, ಸರಿ ಅತ್ತಾಗ ಅಂದಳಂತೆ. ಬ್ಯಾಂಡಿನವನೊಬ್ಬನ ಕೈಗೆ ಲಗಾಮು ಕೊಟ್ಟರು. ನೂರಿ ಒಂದು ಹೆಜ್ಜೆ ಮುಂದಿಡಲಿಲ್ಲ. ಹೊಡೆದರು, ಬೆಲ್ಲ ತೋರಿಸಿದರು, ಮದುಮಗ ಮೇಲೆ ಕೂತು ಬೆವತ. ಕಡೆಗೆ ಇಳಿದು ಕಾರು ಹತ್ತಿದ. ಸುಭಾನಬಿಯನ್ನು ಮತ್ತೆ ಯಾರೂ ಕರೆಯಲಿಲ್ಲ.

ಕಟ್ಟಿಹಾಕಿದ ಕುದುರೆಯ ಗೊರಸು ಕೆಡುತ್ತದೆ, ಹೊಟ್ಟೆ ಕೆಡುತ್ತದೆ. ದಿನಾ ಹತ್ತು ಮೈಲಿ ನಡೆಸಬೇಕು. ಅರವತ್ತು ದಾಟಿದ ಸುಭಾನಬಿಯ ಮೊಣಕಾಲು ಅದನ್ನು ಕೇಳಲಿಲ್ಲ. ಆ ಹೊತ್ತಿಗೆ ಸರಿಯಾಗಿ ನಮ್ಮ ಯಜಮಾನರಿಗೆ ಕುದುರೆಯ ಹುಚ್ಚು ಹತ್ತಿತ್ತು. ದಿನವಿಡೀ ಫೋನಿನಲ್ಲಿ ಕುದುರೆ ಓಡಿಸುವ ವಿಡಿಯೋ. ಮುದಗಲ್ಲಿಗೆ ಹೋಗಿ ನೂರಿಯನ್ನು ನೋಡಿ ಬಂದವರು ಎರಡು ರೊಟ್ಟಿ ಬಿಟ್ಟು ಎದ್ದರು, ಅಷ್ಟು ಹುಚ್ಚು. ಸುಭಾನಬಿ ಎರಡು ಷರತ್ತು ಹಾಕಿ ಕೊಟ್ಟಳು. ವಾರಕ್ಕೊಮ್ಮೆ, ರವಿವಾರ, ತಾನು ಬಂದು ನೋಡಬೇಕು. ಕುದುರೆ ನಿಲ್ಲುವ ಕಡೆ ಕಣಗಿಲ ಇರಬಾರದು.

ಎರಡಕ್ಕೂ ಹ್ಞೂಂ ಅಂದು ಬಂದಿದ್ದರು ಪುಣ್ಯಾತ್ಮರು. ಸ್ವಂತ ಮನೆಯ ಹಿತ್ತಲಲ್ಲಿ ಏನಿದೆ ಅಂತ ಯಾವ ಗಂಡಸಿಗೆ ಗೊತ್ತಿರುತ್ತದೆ? ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆಯಲ್ಲಿ, ಅತ್ತೆ ಮದುವೆಯಾಗಿ ಬಂದ ವರ್ಷ ತವರಿನಿಂದ ಟೊಂಗೆ ತಂದು ನೆಟ್ಟ ಕಣಗಿಲ ಎರಡಾಳು ಎತ್ತರ ಬೆಳೆದು, ಮೈತುಂಬ ಕೆಂಪು ಹೂ ಬಿಟ್ಟುಕೊಂಡು ನಿಂತಿತ್ತು. ಅತ್ತೆಯ ದಿನದ ಇಷ್ಟಲಿಂಗ ಪೂಜೆಗೆ ಅದೇ ಹೂ. ನಲವತ್ತೈದು ವರ್ಷ ಒಂದು ದಿನ ತಪ್ಪಿಸಿದವರಲ್ಲ.

ಮೊದಲ ರವಿವಾರ ಬಂದಾಗಲೇ ಸುಭಾನಬಿ ಅದನ್ನು ನೋಡಿ ಕಿರುಚಿದಳು. "ಯಾ ಅಲ್ಲಾ! ಅಮ್ಮಾರ, ಈ ಗಿಡ ಕಡಸ್ರಿ. ಇವತ್ತ ಕಡಸ್ರಿ."

"ಬೇಕಾದ್ರ ನನ್ನ ಕೈ ಕಡಿ," ಅಂದರು ಅತ್ತೆ. "ಶಿವನ ಹೂವದು. ನಿನ್ನ ಕುದುರಿ ನಿನ್ನೆ ಬಂದದ, ನನ್ನ ಗಿಡ ನಿನ್ನ ಮದಿವಿಕಿಂತ ಮುಂಚಿಂದು."

"ಹಂಗಾರ ನನ್ನ ಕುದುರಿ ನನಗ ಕೊಡ್ರಿ, ಈಗ ಹೊಡಕೊಂಡ ಹೋಗ್ತೀನಿ."

"ಒಯ್ಯಿ. ಯಾರ ಬ್ಯಾಡ ಅಂದಾರ? ನಡಕೊಂತ ಒಯ್ಯಿ ಮುದಗಲ್‌ಗೆ!"

ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತರು. ನನ್ನ ಗಂಡ ಆಗಲೇ ಟ್ರ್ಯಾಕ್ಟರ್ ಕೀಲಿ ಹುಡುಕುವ ನೆವದಲ್ಲಿ ಮಾಯವಾಗಿದ್ದರು. ನೂರಿ ಗಿಡದ ಹತ್ತಿರ ಹೋಗಿ ಒಂದು ಎಲೆ ಮೂಸಿ, ಫುರ್ ಅಂತ ಮೂಗು ಹಾರಿಸಿ ಹಿಂದೆ ಸರಿಯಿತು. "ನೋಡಿಲ್ಲಿ, ಅದಕ್ಕಿರೂ ಬುದ್ಧಿ ನಿನಗಿಲ್ಲ," ಅಂತ ಅತ್ತೆ ಗೆದ್ದರು.

ಆಗ ಸುಭಾನಬಿ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. "ಟೀಚರವ್ವ, ನೀವು ಸಾಲಿ ಕಲಿಸಾಕಿ, ನಿಮಗ ತಿಳೀತದ. ಹಸೀದು ಕಹಿ ಇರ್ತದ, ಕುದುರಿ ಮೂಸಿ ಬಿಡ್ತದ. ಬಾಡಿದ ಮ್ಯಾಲೆ ಕಹಿ ಬಿಡ್ತದ, ವಿಷ ಬಿಡಂಗಿಲ್ಲ. ನನ್ನ ಬಾದಶಹಾ ಹೋಗಿದ್ದು ಬಾಡಿದ್ದಕ್ಕ. ಒಂದ ಬೊಗಸಿ ಸಾಕು. ಕಡದ ಟೊಂಗಿ, ಉದುರಿದ ಎಲಿ ಬಿಡಬ್ಯಾಡ್ರಿ. ಮಾತ ಕೊಡ್ರಿ."

ಕೊಟ್ಟೆ. ಗಿಡದ ಸುತ್ತ ತಂತಿಬಲೆಯ ಬೇಲಿ ಹಾಕಿಸಿದೆವು. ದಿನಾ ಎರಡು ಹೊತ್ತು ಬೇಲಿಯ ಒಳಗೂ ಹೊರಗೂ ಗುಡಿಸಿ, ಉದುರಿದ್ದನ್ನು ದೂರದ ತಿಪ್ಪೆಯಲ್ಲಿ ಸುಟ್ಟೆ. ಒಂದು ಎಲೆ ಬಿಟ್ಟವಳಲ್ಲ ನಾನು. ಈ ಮಾತನ್ನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ.

ಹೆಂಗಸರಿಗೆ ಬಸ್ಸು ಪುಕ್ಕಟೆ ಆದ ಮೇಲೆ ಸುಭಾನಬಿ ಒಂದು ರವಿವಾರವನ್ನೂ ತಪ್ಪಿಸಲಿಲ್ಲ. ಮುದಗಲ್‌ನಿಂದ ಲಿಂಗಸುಗೂರು, ಅಲ್ಲಿಂದ ಮಸ್ಕಿ, ಅಲ್ಲಿಂದ ಸಿಂಧನೂರು, ಮತ್ತೆ ನಮ್ಮೂರು ಜವಳಗೇರಾ. ನಾಲ್ಕು ಬಸ್ಸು ಬದಲಿಸಿ ಹನ್ನೊಂದರ ಸುಮಾರಿಗೆ ಬರುವಳು. ನಮ್ಮ ಓಣಿಯ ತಿರುವಿನಲ್ಲಿ ಅವಳ ಕೆಮ್ಮು ಕೇಳಿದರೆ ಸಾಕು, ನೂರಿ ಕೊಟ್ಟಿಗೆಯಲ್ಲಿ ಕಾಲು ಕೆದರಲು ಶುರು. ಸುಭಾನಬಿ ಮೈಯುಜ್ಜಿ, ಗೊರಸು ಕೆರೆದು, ಕಿವಿಯೊಳಗೆ ಬೆರಳಿಟ್ಟು ನೋಡಿ, ಆಮೇಲೆ ಕುದುರೆಯ ಹಣೆಗೆ ತನ್ನ ಹಣೆ ಇಟ್ಟು ಸುಮ್ಮನೆ ನಿಲ್ಲುವಳು. ಅದೆಷ್ಟು ಹೊತ್ತು! ನನಗೆ ನೋಡಲು ನಾಚಿಕೆಯಾಗಿ ಒಳಗೆ ಬಂದುಬಿಡುತ್ತಿದ್ದೆ.

ಅತ್ತೆಗೂ ಅವಳಿಗೂ ಜಗಳ ಹಾಗೇ ರೂಢಿಯಾಯಿತು. ಅತ್ತೆ ಕುದುರೆಗೆ ನೂರವ್ವ ಅನ್ನುತ್ತಿದ್ದರು. "ನೂರವ್ವ ಅಲ್ರಿ, ನೂರಿ," ಅಂತ ಇವಳು. "ನಮ್ಮ ಮನ್ಯಾಗ ಬಂದ ಹೆಣ್ಣಿಗೆ ನಾವು ಹೆಸರಿಡಾಕಿ," ಅಂತ ಅವರು. ಒಂದು ರವಿವಾರ ಅತ್ತೆ ಮೊಣಕಾಲು ಹಿಡಿದುಕೊಂಡು ಅಯ್ಯಯ್ಯೋ ಅನ್ನುವಾಗ, ಸುಭಾನಬಿ ಕುದುರೆಗೆ ತಿಕ್ಕುತ್ತಿದ್ದ ಎಣ್ಣೆಯ ಬಾಟಲಿಯನ್ನೇ ತಂದು ಅವರ ಕಾಲು ತಿಕ್ಕಲು ಕೂತಳು. "ಅಯ್ಯ ಶಿವನ, ಕುದುರಿ ಎಣ್ಣಿ ನನಗ್ಯಾಕ ಹಚ್ತೀಯ ಮಾರಾಯ್ತಿ?" "ಅಕಿಗಿ ಹತ್ತಿದ್ದು ನಿಮಗ ಹತ್ತಂಗಿಲ್ಲೇನ್ರಿ? ಸುಮ್ನ ಕಾಲ ಚಾಚ್ರಿ, ಒದೀಬ್ಯಾಡ್ರಿ ಮತ್ತ." ಅಂದಿನಿಂದ ಪ್ರತಿ ರವಿವಾರ ನೂರಿಯ ಕಾಲಾದ ಮೇಲೆ ಅತ್ತೆಯ ಕಾಲು. ಶನಿವಾರ ರಾತ್ರಿಯೇ ಅತ್ತೆ, ನಾಳೆ ಆಕೆಗೆ ಜುಣಕ ಮಾಡು, ಖಾರ ಕಡಿಮೆ ಹಾಕು ಅಂತ ನನಗೆ ಅಪ್ಪಣೆ ಕೊಡುತ್ತಿದ್ದರು.

ನಾಲ್ಕು ಗಂಟೆಗೆ ಸುಭಾನಬಿ ಹೊರಡಬೇಕು. ನೂರಿ ಹಗ್ಗ ಮುಗಿಯುವ ತನಕ ಹಿಂದೆ ಬರುತ್ತಿತ್ತು. ಅವಳು ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಸ್ಟಾಪಿನವರೆಗೆ ಸಂಗಡ ಹೋದಾಗ ನೋಡಿದೆ, ಪರದೆಯೊಳಗೆ ಅಳುತ್ತಿದ್ದಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಮುಂಜಾನಿ ಎದ್ದಕೂಡ್ಲೆ ರೊಟ್ಟಿ ಮುರದು ಕೈ ಮುಂದ ಮಾಡ್ತೀನ್ರಿ, ಇನ್ನೂ," ಅಂದಳು. "ಅಲ್ಲಿ ಯಾರೂ ಇರಂಗಿಲ್ಲ. ಲಾಯದಾಗ ಅಕಿ ವಾಸನಿ ಅದ. ಅದ ಹೋಗ್ತದಂತ ತಗಡಿನ ಬಾಗಲ ತೆಗ್ಯಂಗಿಲ್ಲ ನಾ. ಟೀಚರವ್ವ, ಒಮ್ಮಿ ಅಕಿನ್ನ ಮನಿಗಿ ಕರ್ಕೊಂಡ ಹೋಗಬೇಕು. ಎರಡ ದಿನ ಸಾಕು. ಅಷ್ಟ ಆದ್ರ ನಾ ಮತ್ತೇನೂ ಕೇಳಂಗಿಲ್ಲ."

ಮನೆಗೆ ಬಂದು ಗಂಡನಿಗೆ ಹೇಳಿದೆ. ಈ ಸಲದ ಮೊಹರಂಗೆ ಪಿಕಪ್ ಗಾಡಿಯಲ್ಲಿ ನೂರಿಯನ್ನು ಮುದಗಲ್ಲಿಗೆ ಕಳಿಸುವುದು ಅಂತ ಮಾತಾಯಿತು. ಆ ಸುದ್ದಿ ಹೇಳಿದ ದಿನ ಸುಭಾನಬಿ ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಚಿಕ್ಕ ಹುಡುಗಿಯ ಹಾಗೆ ಬೆರಳು ಮಡಚಿ ವಾರ ಎಣಿಸಿದಳು. ಹನ್ನೆರಡು ವಾರ ಉಳಿದಿದ್ದವು. ಲಾಯದ ತಗಡಿಗೆ ಬಣ್ಣ ಹೊಡೆಸಬೇಕು, ಹೊಸ ಹಗ್ಗ ಬೇಕು, ನೆರೆಯ ಗೌಸಿಯಾಳಿಗೆ ಈಗಲೇ ಹೇಳಿಡಬೇಕು, ಅಂತ ಒಂದೇ ಸಮನೆ ಮಾತಾಡಿದಳು.

ಬೇಸಿಗೆ ಏರಿತು. ಬಸವ ಜಯಂತಿಗೆ ಮೊದಲಿನ ಹನ್ನೊಂದು ದಿನ ಅತ್ತೆಯದು ವಿಶೇಷ ಪೂಜೆ, ದಿನಕ್ಕೆ ನೂರೊಂದು ಕಣಗಿಲದ ಹೂ. ಹೂವಿನ ಜೊತೆ ಕುಡಿ, ಎಲೆ, ಪತ್ರಿ. ಲಿಂಗದ ಮೇಲಿಂದ ಇಳಿಸಿದ ಹೂವಿಗೆ ನಿರ್ಮಾಲ್ಯ ಅನ್ನುತ್ತೇವೆ. ಅದನ್ನು ಯಾರೂ ತುಳಿಯಬಾರದು, ಸುಡಬಾರದು, ತಿಪ್ಪೆಗೆ ಹಾಕಬಾರದು. ಯಾವಾಗಲೂ ಹರಿಯುವ ಕಾಲುವೆಗೆ ಬಿಟ್ಟು ಬರುವುದು ರೂಢಿ. ಆದರೆ ಆಗ ಕಾಲುವೆಯ ನೀರು ನಿಲ್ಲಿಸಿದ್ದರು. ಹುಡುಗರು ಅದರ ತಳದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹನ್ನೊಂದು ದಿನದ ನಿರ್ಮಾಲ್ಯ ದೇವರ ಕೋಣೆಯ ಬುಟ್ಟಿಯಲ್ಲಿ ಬಾಡಿ ಕೂತಿತ್ತು.

ಜಯಂತಿಯ ಸಂಜೆ ಅತ್ತೆ ನನ್ನನ್ನು ಕರೆದರು. "ಭುವನಾ, ಕಾಲುವ್ಯಾಗ ಹಾಕಿದ್ರ ಹುಡುಗೂರು ತುಳೀತಾವ. ನೂರವ್ವನ ಮೇವಿನ ಗೋದಲ್ಯಾಗ ಹಾಕು. ಬಾಯಿಲ್ಲದ ಜೀವ, ಶಿವನ ಪ್ರಸಾದ ತಿಂದು ಸುಖವಾಗಿರ್ಲಿ. ಬಾಳೆಹಣ್ಣು, ಬೆಲ್ಲ ಕೂಡ ಹಾಕವ್ವ."

ಹಾಕಿದೆ. ಈ ಕೈಯಿಂದಲೇ ಹಾಕಿದೆ. ಹಿಂದೆಲ್ಲ ದನಗಳಿದ್ದಾಗ ಪತ್ರಿ, ಮಲ್ಲಿಗೆ, ಚೆಂಡುಹೂವಿನ ನಿರ್ಮಾಲ್ಯ ಗೋದಲಿಗೆ ಹಾಕುತ್ತಿದ್ದದ್ದು ನೆನಪಾಯಿತೇ ಹೊರತು ಬೇರೇನೂ ನೆನಪಾಗಲಿಲ್ಲ. ದಿನಕ್ಕೆ ಎರಡು ಸಲ ಬೇಲಿ ಸುತ್ತ ಗುಡಿಸಿ ಒಂದೊಂದು ಎಲೆ ಆರಿಸಿ ಸುಟ್ಟವಳು ನಾನು, ಬುಟ್ಟಿಗಟ್ಟಲೆ ಕಣಗಿಲವನ್ನು ತೌಡಿನಲ್ಲಿ ಕಲಸಿ, ಬೆಲ್ಲ ಉದುರಿಸಿ, ಕುದುರೆಯ ಬಾಯಿಗೆ ಕೊಟ್ಟೆ. ಗಿಡದ ಮೇಲಿದ್ದಾಗ ಅದು ಕಣಗಿಲ. ಲಿಂಗದ ಮೇಲಿಂದ ಇಳಿದ ಮೇಲೆ ಅದು ಪ್ರಸಾದ. ಅವೆರಡೂ ಒಂದೇ ಹೂ ಅಂತ ನನ್ನ ತಲೆಗೆ ಹೊಳೆಯಲೇ ಇಲ್ಲ. ನೂರಿ ಗೋದಲಿಯ ತಳ ನೆಕ್ಕಿತು. ಬೆನ್ನು ಸವರಿ, ಜಾಣಿ ಅಂದು ಒಳಗೆ ಬಂದೆ.

ಮರುದಿನ ಬೆಳಗ್ಗೆ ಆರಕ್ಕೆ ಗಂಡ ಕೂಗಿದರು. ನೂರಿ ಮಲಗಿತ್ತು. ಮೈಯೆಲ್ಲ ಬೆವರು, ಕಿವಿ ತಣ್ಣಗೆ, ಹೊಟ್ಟೆಯ ಕಡೆ ತಿರುತಿರುಗಿ ನೋಡುತ್ತಿತ್ತು. ಸಿಂಧನೂರಿನಿಂದ ಪಶುವೈದ್ಯರು ಭೀಮೇಶ ಬೈಕಿನಲ್ಲಿ ಓಡಿ ಬಂದರು. ಎದೆಗೆ ಕಿವಿಯಿಟ್ಟು ಕೇಳಿ, "ಎದಿ ಬಡಿತ ತಾಳ ತಪ್ಯದ. ಮನ್ಯಾಗ ಕಣಗಿಲ ಅದ ಏನ್ರಿ?" ಅಂದರು.

"ಅದ, ಆದ್ರ ಬೇಲಿ ಅದ. ಒಂದ ಎಲಿ ಹೊರಗ ಬೀಳಂಗಿಲ್ಲ," ಅಂದರು ನನ್ನ ಗಂಡ.

ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಡಾಕ್ಟರನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಎಷ್ಟು ಅಂದರು. ಬುಟ್ಟಿ ತೋರಿಸಿದೆ. ಅವರು ಕಣ್ಣು ಮುಚ್ಚಿ ತೆಗೆದರು. ಮೂಗಿನ ಕೊಳವೆಯಲ್ಲಿ ಇದ್ದಿಲಿನ ನೀರು ಇಳಿಸಿದರು, ಸೂಜಿ ಚುಚ್ಚಿದರು, ಸಲೈನ್ ಏರಿಸಿದರು. ಮಾಡುವುದನ್ನೆಲ್ಲ ಮಾಡಿದರು ಮಹಾರಾಯರು. "ಬೇಕಾದವರಿಗೆ ಹೇಳಿ ಕಳಿಸ್ರಿ," ಅಂದರು ಕಡೆಗೆ.

ಸುಭಾನಬಿಗೆ ಫೋನ್ ಮಾಡಿದೆ. "ನೂರಿಗಿ ಆರಾಮಿಲ್ಲ, ಬಾ," ಅಂದೆ. ಏನು ತಿಂದಳು ಅಂತ ಕೇಳಿದಳು. ಬಾ ಅಂದೆ ಅಷ್ಟೇ.

ನಾಲ್ಕು ಬಸ್ಸು. ಆ ಹೊತ್ತು ನಾನು ಕಳೆದದ್ದು ನನ್ನ ಶಿವನಿಗೇ ಗೊತ್ತು. ನೂರಿ ಸಾಯಬಾರದು, ಸಾಯಲೇಬೇಕಿದ್ದರೆ ಅವಳು ಬರುವ ತನಕ ಇರಲಿ, ಅದೊಂದನ್ನೇ ಬೇಡಿಕೊಂಡೆ. ಹನ್ನೆರಡಾಗುತ್ತ ಬಂದಾಗ ಗೇಟಿನ ಸದ್ದಾಯಿತು. ಅವಳು ಅಂಗಳ ನೋಡಲಿಲ್ಲ, ಯಾರನ್ನೂ ನೋಡಲಿಲ್ಲ. ಬುರ್ಖಾ ಕಿತ್ತೆಸೆದು ಕೊಟ್ಟಿಗೆಯ ಲದ್ದಿಯಲ್ಲೇ ಕೂತು, ಕುದುರೆಯ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಬಂದೀನಿ ಬೇಟಿ, ಬಂದೀನಿ," ಅಂದಳು. ನೂರಿ ಅವಳ ಸೆರಗನ್ನು ತುಟಿಯಲ್ಲಿ ಹಿಡಿಯಿತು.

ಸುಭಾನಬಿ ಕುದುರೆಯ ಬಾಯಿ ಮೂಸಿದಳು. ತುಟಿ ಬಿಡಿಸಿ ಬೆರಳು ಹಾಕಿ ದವಡೆಯ ಸಂದಿಯಿಂದ ಏನೋ ಎಳೆದಳು. ಬಾಡಿದ ಕೆಂಪು ಎಸಳು, ಅದಕ್ಕಂಟಿಕೊಂಡ ಪತ್ರಿಯ ಚೂರು. ಬಹಳ ಹೊತ್ತು ನೋಡಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಾಯಿ ತೆಗೆಯುವುದರೊಳಗೆ ಅತ್ತೆ ಕೋಲೂರಿಕೊಂಡು ಬಂದುಬಿಟ್ಟರು.

"ಏನಾತವ್ವ ನನ್ನ ನೂರವ್ವಗ? ನಿನ್ನಿ ಸಂಜಿಮುಂದ ಛಲೋ ಇದ್ಲಲ್ಲ! ಹನ್ನೊಂದ ದಿನದ ಪ್ರಸಾದ ಹಾಕಿಸಿದ್ದೆ, ಎಲ್ಲಾ ತಿಂದ್ಲಂತ. ಸುಭಾನಬಿ, ಏನಾಗ್ಯಾದ ಹೇಳ," ಅಂತ ಅಳುತ್ತ ನಿಂತರು.

ನನ್ನ ಗಂಡ ಡಾಕ್ಟರ ಮುಖ ನೋಡಿದರು, ಡಾಕ್ಟರು ನೆಲ ನೋಡಿದರು. ಸುಭಾನಬಿ ಎಸಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

"ಹೊಟ್ಟಿ ಶೂಲಿ ರೀ ಅಮ್ಮಾರ," ಅಂದಳು. "ಬ್ಯಾಸಗ್ಯಾಗ ಕುದುರಿಗೆ ಹಿಂಗ ಆಗ್ತದ. ಯಾರ ಕೈಯಾಗೂ ಇರಂಗಿಲ್ಲ. ನೀವು ಪ್ರಸಾದ ತಿನಿಸಿದ್ರಂತ ನಾ ಬರೂತನಕ ಜೀವ ಹಿಡದಾಳ, ಇಲ್ಲಂದ್ರ ಮುಂಜಾನೀನ ಹೋಗ್ತಿದ್ಲು."

ಅತ್ತೆ ಕೋಲು ಬಿಟ್ಟು ಅವಳ ಪಕ್ಕ ಕೂತರು. ಹಣೆಯ ವಿಭೂತಿ ತೆಗೆದು ನೂರಿಯ ಬಿಳಿ ಮಚ್ಚೆಗೆ ಹಚ್ಚಿದರು. ಇಬ್ಬರೂ ಮುದುಕಿಯರು ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಎರಡೂವರೆಗೆ ನೂರಿ ಒಮ್ಮೆ ನಾಲ್ಕೂ ಕಾಲು ಝಾಡಿಸಿ ಹೋಯಿತು.

ಗದ್ದೆಯ ಮೂಲೆಯಲ್ಲಿ ಜೆಸಿಬಿ ತರಿಸಿ ಗುಂಡಿ ತೆಗೆಸಿ ಮಣ್ಣು ಮಾಡಿದೆವು. ಸುಭಾನಬಿ ಊಟ ಬೇಡ ಅಂದಳು. ಸ್ಟಾಪಿನವರೆಗೆ ನಾನು ಸಂಗಡ ಹೋದೆ. ಸ್ಟಾಪಿನ ಕಲ್ಲಿನ ಮೇಲೆ ಕೂತಾಗ ನನಗೆ ತಡೆಯಲಾಗಲಿಲ್ಲ. "ನಾನ ಹಾಕಿದ್ದು ಸುಭಾನಬಿ. ನನ್ನ ಕೈಲೆ," ಅಂದೆ.

ಅವಳು ನನ್ನ ಮಣಿಕಟ್ಟು ಹಿಡಿದಳು. ಬಳೆಯೆರಡು ಒಡೆದವು, ಅಷ್ಟು ಬಿಗಿ. "ಗೊತ್ತದ. ಹೇಳಿದ್ನಲ್ರಿ ನಿಮಗ! ಬಾಡಿದ್ದು ಹಾಕಬ್ಯಾಡ್ರಿ ಅಂತ ಎಷ್ಟ ಸಲ ಬಾಯಿ ಹರಕೊಂಡೆ! ನಿಮ್ಮ ಮ್ಯಾಲೆ ಸಿಟ್ಟದ ನನಗ. ಸುಳ್ಳ್ಯಾಕ ಹೇಳ್ಲಿ, ಸಾಯೂತನಕ ಇರ್ತದ."

"ಮತ್ತ ಅತ್ತಿ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೂರಿ ಏಳ್ತಿದ್ಲೇನ್ರಿ?" ಅಂದಳು. ಕೈ ಬಿಟ್ಟಳು. "ನಲವತ್ತೈದ ವರ್ಷದ ಪೂಜಾ. ನಾಳಿ ಮುಂಜಾನಿ ಅಮ್ಮಾರು ಯಾವ ಕೈಲೆ ಹೂ ಹರೀತಿದ್ರು? ನನ್ನದಂತೂ ಹೋತು. ಅವರದೂ ಕಸಗೊಂಡು ಏನ ಮಾಡ್ಲಿ?"

ಸಿಂಧನೂರಿನ ಬಸ್ಸು ದೂರದಲ್ಲಿ ಕಂಡಿತು. ಅವಳು ಎದ್ದು ಸೆರಗಿನ ಲದ್ದಿ ಕೊಡವಿಕೊಂಡಳು. "ಟೀಚರವ್ವ, ಇನ್ನ ಫೋನ್ ಮಾಡಬ್ಯಾಡ್ರಿ. ನಿಮ್ಮ ಹೆಸರ ಫೋನಿನ್ಯಾಗ ಕಂಡ್ರ ಅಕಿ ಹೆಂಗದಾಳ ಅಂತ ಬಾಯಿಗಿ ಬಂದಬಿಡ್ತದ. ಆಮ್ಯಾಲ ನನ್ನ ಎದಿ ನಾ ಎಲ್ಲಿ ಇಟ್ಕೊಳ್ಳಿ?"

ಬಸ್ಸು ಹತ್ತಿ ಹೋದಳು. ನಾನು ಫೋನ್ ಮಾಡಲಿಲ್ಲ. ಮೊಹರಂ ಬಂತು, ಹೋಯಿತು. ಅತ್ತೆ ರವಿವಾರ ರವಿವಾರ ಸುಭಾನಬಿಯ ದಾರಿ ನೋಡಿದರು. 'ಕುದುರೆ ಇಲ್ಲದಿದ್ದರೆ ನನ್ನ ಕಾಲು ಇಲ್ಲವೇನು, ಒಮ್ಮೆ ಬಂದು ಹೋದರೆ ಏನಾಗುತ್ತದೆ' ಅಂತ ಗೊಣಗಿದರು. ಏನೂ ತಿಳಿಯದೆ, ಕಡೆಯ ದಿನದವರೆಗೂ ಕಣಗಿಲದ ಹೂವಿನಿಂದಲೇ ಪೂಜೆ ಮಾಡಿ ಮಾಘದಲ್ಲಿ ಹೋದರು.

ಈ ಸುದ್ದಿಯನ್ನು ಅವಳಿಗೆ ಹೇಳದೆ ಇರುವುದು ಹೇಗೆ? ಒಂಬತ್ತು ತಿಂಗಳ ಮೇಲೆ ಮೊದಲ ಸಲ ಅವಳ ನಂಬರಿಗೆ ಫೋನ್ ಹಚ್ಚಿದೆ. ಒಂದೇ ರಿಂಗಿಗೆ ಎತ್ತಿದಳು. ಹಲೋ ಅನ್ನಲಿಲ್ಲ.

"ಟೀಚರವ್ವ, ನೂರಿ ಹೆಂಗದಾಳ್ರಿ? ಮೇವು ತಿಂದ್ಲೇನು?" ಅಂದಳು.

ಅತ್ತೆ ಹೋದ ಸುದ್ದಿ ಹೇಳಲು ನನಗೆ ಬಹಳ ಹೊತ್ತು ಹಿಡಿಯಿತು.